ಹೊಟ್ಟೆಯ ಮೇಲಿನ ನೇರಳೆ ಗೆರೆ

ನಮ್ಮ ಡಾಕ್ಟರು ಶುದ್ಧ ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಅಂಥವರು ಪ್ರತಿ ಭಾನುವಾರ ಬೆಳಿಗ್ಗೆ ಆರ್.ಟಿ. ನಗರದ ಒಂದು ಮಟನ್ ಅಂಗಡಿಯ ಮುಂದೆ ಬಟ್ಟೆ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ತಮ್ಮ ಸರದಿ ಬಂದಾಗ, "ಲಿವರ್ ಒಂದೇ ಸಾಕಪ್ಪ, ಕತ್ತರಿಸ್ಬೇಡ, ಇಡಿಯಾಗಿ ಕೊಡು," ಎನ್ನುತ್ತಿದ್ದರು. ಅಂಗಡಿಯವನಿಗೆ ಇವರ ಮೇಲೆ ಭಾರಿ ಅಭಿಮಾನ. "ಸಾರ್‌ಗೆ ಲಿವರ್ ಅಂದ್ರೆ ಪ್ರಾಣ," ಎಂದು ಎಲ್ಲರ ಮುಂದೆ ಹೊಗಳಿ, ಇದ್ದುದರಲ್ಲೇ ಒಳ್ಳೆಯದನ್ನು ಆರಿಸಿ ಇಟ್ಟಿರುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟನಂತೆ: "ಸಾರ್, ಮನೇಲಿ ಫ್ರೈ ಮಾಡ್ತೀರೋ, ಗೊಜ್ಜು ಮಾಡ್ತೀರೋ?" ಡಾಕ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಹೊಲೀತೀನಪ್ಪ," ಎಂದರಂತೆ.

ಇದನ್ನು ಅವರೇ ಓಟಿಯಲ್ಲಿ ಹೇಳಿ ನಮ್ಮನ್ನೆಲ್ಲ ನಗಿಸಿದ್ದು. ಓಟಿ ಎಂದರೆ ಆಪರೇಷನ್ ಥಿಯೇಟರು. ನಾನು ಅಲ್ಲಿ ನರ್ಸು. ಆಪರೇಷನ್ ಮಾಡುವವರ ಪಕ್ಕದಲ್ಲಿ ನಿಂತು, ಅವರು ಕೇಳಿದ ಸಾಮಾನನ್ನು ಕೈಗೆ ಕೊಡುವುದು ನನ್ನ ಕೆಲಸ. 2008ರಲ್ಲಿ ಸೇರಿದೆ, ಹನ್ನೊಂದು ವರ್ಷ ಅವರ ಬಲಗಡೆ ನಿಂತೆ. ಹೋದ ತಿಂಗಳು ಅವರು ನಿವೃತ್ತರಾದರು. ತೀರಿಕೊಂಡವರ ಬಗ್ಗೆ ಬರೆಯುವುದು ಸಲೀಸು, ಅವರು ಎದ್ದು ಬಂದು ತಿದ್ದುವುದಿಲ್ಲ. ಇವರು ದೇವರ ದಯೆಯಿಂದ ಗಟ್ಟಿಮುಟ್ಟಾಗಿದ್ದಾರೆ. ಓದಿದರೆ ಫೋನ್ ಮಾಡಿ, "ಏನಮ್ಮ, ಕೆಲಸ ಇಲ್ವಾ ನಿಂಗೆ?" ಎಂದು ಗದರುತ್ತಾರೆ. ಅದಕ್ಕೇ ಹೆಸರು ಹಾಕುತ್ತಿಲ್ಲ. ಆಸ್ಪತ್ರೆಯ ಹೆಸರೂ ಬೇಡ, ಹೆಬ್ಬಾಳದ ಕಡೆ ಎಂದರೆ ಸಾಕು.

ನಾನು ಸೇರಿದಾಗ ಅವರಿಗೆ ನಲವತ್ತೆಂಟೋ ನಲವತ್ತೊಂಬತ್ತೋ. ಲಿವರ್ ಆಪರೇಷನ್‌ನಲ್ಲಿ ಆಗಲೇ ಒಳ್ಳೆಯ ಹೆಸರು. ಆಗೆಲ್ಲ ಬಲ ಪಕ್ಕೆಲುಬಿನ ಕೆಳಗೆ ಗೇಣಿಗಿಂತ ಉದ್ದ ಕುಯ್ದೇ ಮಾಡುತ್ತಿದ್ದುದು. ಆಪರೇಷನ್ ಚೆನ್ನಾಗಿಯೇ ಆಗುತ್ತಿತ್ತು, ಆಮೇಲಿನ ಪಾಡು ಮಾತ್ರ ಬೇಡ. ರೋಗಿಗಳು ಕೆಮ್ಮಲು ಹೆದರುತ್ತಿದ್ದರು. ಕೆಮ್ಮು ಬಂತೆಂದರೆ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಕೆಮ್ಮುತ್ತಿದ್ದರು. ಒಬ್ಬ ಹೆಂಗಸು ಸೀನು ಬರಬಾರದೆಂದು ಮೂಗು ಹಿಡಿದುಕೊಂಡೇ ಮಲಗಿದ್ದಳು. ಅದನ್ನು ಕಂಡ ದಿನವೇ ಡಾಕ್ಟರು ತೀರ್ಮಾನ ಮಾಡಿದ್ದಂತೆ, ತೂತಿನ ಆಪರೇಷನ್ ಕಲಿಯಬೇಕೆಂದು. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು, ಒಂದರೊಳಗೆ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದುದ್ದ ಕತ್ತರಿ, ಚಿಮಟ. ಡಾಕ್ಟರ ಕಣ್ಣು ಟಿವಿಯ ಮೇಲೆ. ಪಿತ್ತಕೋಶಕ್ಕೆ ಹಾಗೆ ಮಾಡುವವರು ಬೀದಿಗೊಬ್ಬರಿದ್ದರು. ಲಿವರ್ ಹಾಗಲ್ಲ, ಅದು ರಕ್ತ ತುಂಬಿದ ಅಂಗ, ಒಂದು ಕಡೆ ತಪ್ಪಿದರೆ ಟಿವಿಯೆಲ್ಲ ಕೆಂಪು. "ಈ ವಯಸ್ಸಲ್ಲಿ ಈತನಿಗೆ ಬೇಕಿತ್ತಾ?" ಎಂದು ಅವರ ಜೊತೆಯ ಡಾಕ್ಟರುಗಳೇ ಕ್ಯಾಂಟೀನಿನಲ್ಲಿ ಆಡಿಕೊಂಡಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ಅದಕ್ಕೇ ಆ ಮಟನ್ ಅಂಗಡಿ. ಅವರ ಮನೆ ಸಹಕಾರನಗರದಲ್ಲಿ. ಅವರ ಮನೆಯವರು ಮಡಿ ಹೆಂಗಸು, ಲಿವರ್ ಚೀಲ ಹೊಸ್ತಿಲು ದಾಟಿ ಒಳಗೆ ಬರಕೂಡದೆಂದು ಕಟ್ಟಪ್ಪಣೆ. ಡಾಕ್ಟರು ಕಾರನ್ನು ರಸ್ತೆಗೆ ತಳ್ಳಿ, ಅದು ನಿಲ್ಲುವ ಶೆಡ್ಡಿನಲ್ಲಿ ಒಂದು ರಟ್ಟಿನ ಡಬ್ಬ ಇಟ್ಟುಕೊಂಡಿದ್ದರು. ಡಬ್ಬಕ್ಕೆ ತೂತು, ಒಳಗೆ ಕಂಪ್ಯೂಟರಿನ ಪುಟ್ಟ ಕ್ಯಾಮೆರಾ, ಹೊರಗೆ ಹಳೆಯ ಟಿವಿ. ಭಾನುವಾರ ಪೂರ್ತಿ ಕುಯ್ಯುವುದು, ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಸಂಜೆ ಆ ಲಿವರ್ ಬೀದಿನಾಯಿಗಳಿಗೆ. ಅವು ನಾಲ್ಕು ಗಂಟೆಗೇ ಬಂದು ಗೇಟಿನ ಮುಂದೆ ಕೂರುತ್ತಿದ್ದವಂತೆ. ಆದರೆ ಹಾಕುವ ಮುಂಚೆ ತಾವು ಹಾಕಿದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಕಿತ್ತು ತೆಗೆಯುತ್ತಿದ್ದರು. "ದಾರ ನುಂಗಿದ್ರೆ ಅವುಗಳ ಕರುಳಿಗೆ ಸುತ್ತಿಕೊಳ್ಳುತ್ತೆ ಕಣಮ್ಮ, ಆಮೇಲೆ ನಾಯಿಗೂ ಆಪರೇಷನ್ ಮಾಡ್ಬೇಕಾಗುತ್ತೆ," ಎಂದರು. ಮನುಷ್ಯ ಎಂಥವನೆಂದು ನನಗೆ ಅಂದೇ ಗೊತ್ತಾಯಿತು.

ಲಿವರನ್ನು ಅವರು ಯಜಮಾನ್ರು ಎಂದೇ ಕರೆಯುತ್ತಿದ್ದುದು. ಕ್ಯಾಮೆರಾ ಒಳಗೆ ಹೋದ ತಕ್ಷಣ, "ನಮಸ್ಕಾರ ಯಜಮಾನ್ರೇ, ಹೇಗಿದೀರಿ?" ಎನ್ನುತ್ತಿದ್ದರು. ಗಿಡ್ಡ ಆಸಾಮಿ, ಕಾಲ ಕೆಳಗೆ ಒಂದು ಮಣೆ ಬೇಕಿತ್ತು. ಮೊದಮೊದಲು ಕ್ಯಾಮೆರಾ ಹಿಡಿಯಲು ತಿಳಿದವರು ಯಾರೂ ಇರಲಿಲ್ಲ, ನನ್ನ ಕೈಗೇ ಕೊಡುತ್ತಿದ್ದರು. ಕೈ ಒಂದಿಷ್ಟು ಅಲುಗಿದರೆ ಟಿವಿಯಲ್ಲಿ ಎಲ್ಲವೂ ಅಲುಗಾಡುವುದು. "ಏನಮ್ಮ, ಭೂಕಂಪನಾ?" ಓಟಿಯಲ್ಲಿ ಹಾಡು ಹಾಕುವಂತಿಲ್ಲ. 'ಸಿಂಪಲ್ ಕೇಸು' ಎಂದು ಯಾರೂ ಬಾಯಿ ತಪ್ಪಿಯೂ ಅನ್ನುವಂತಿಲ್ಲ. ಅಂದವರನ್ನು ಹೊರಗೆ ಕಳಿಸಿ, ಕೈ ತೊಳೆಯುವುದರಿಂದ ಮತ್ತೆ ಶುರು ಮಾಡಿಸುತ್ತಿದ್ದರು. ಒಂದು ಸಲ ಅರಿವಳಿಕೆ ಕೊಡುವ ಹಿರಿಯ ಡಾಕ್ಟರನ್ನೇ ಕಳಿಸಿಬಿಟ್ಟರು, ಆತ ಗೊಣಗಿಕೊಂಡೇ ಹೋಗಿ ತೊಳೆದು ಬಂದರು.

ಇನ್ನೊಂದು ಪದ್ಧತಿ ಕಡಲೆಕಾಯಿಯದು. ಆಸ್ಪತ್ರೆಯ ಗೇಟಿನ ಹತ್ತಿರ ಬೇಯಿಸಿದ ಕಡಲೆಕಾಯಿಯ ಗಾಡಿ ನಿಲ್ಲುತ್ತಿತ್ತು. ಕೇಸು ಚೆನ್ನಾಗಿ ಮುಗಿದು, ಕೊನೆಯ ಹೊಲಿಗೆ ಬಿದ್ದು, ಬಟ್ಟೆ, ಸೂಜಿಗಳನ್ನೆಲ್ಲ ಎಣಿಸಿ ಸರಿಯಿದೆ ಎಂದ ಮೇಲೆ, ಅದಕ್ಕೆ ಒಂದು ನಿಮಿಷ ಮೊದಲೂ ಅಲ್ಲ, ಓಟಿಯ ಆಯಮ್ಮನನ್ನು ಕರೆದು, "ಆಯಮ್ಮ, ಕಡಲೆಕಾಯಿ," ಎನ್ನುತ್ತಿದ್ದರು. ಎಲ್ಲರೂ ಟೀ ಕುಡಿಯುವ ಕೋಣೆಯಲ್ಲಿ ಕೂತು ಬಿಡಿಸಿ ತಿನ್ನಬೇಕು. ಕೇಸು ಕೆಟ್ಟ ದಿನ ಕಡಲೆಕಾಯಿ ಇಲ್ಲ, ಬರೀ ಟೀ.

ಮೊದಲನೆಯ ತೂತಿನ ಕೇಸು ಯಶವಂತಪುರ ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸಿನದು. ಗಂಟು ಲಿವರಿನ ಎಡದ ಅಂಚಿನಲ್ಲಿತ್ತು, ಸುಲಭವಾಗಿ ಕೈಗೆ ಸಿಗುವ ಜಾಗ. ಆದರೂ ಮುಗಿಯುವಷ್ಟರಲ್ಲಿ ಡಾಕ್ಟರ ಬೆನ್ನು ಪೂರ್ತಿ ಒದ್ದೆ. ಮಾರನೆಯ ದಿನ ವಾರ್ಡಿಗೆ ಹೋದರೆ ಆಕೆ ಮಂಚದ ಮೇಲೇ ಇಲ್ಲ! ನೋಡಿದರೆ ಕಾರಿಡಾರಿನಲ್ಲಿ ನಿಂತು ಪಕ್ಕದ ರೋಗಿಯ ಕಡೆಯವರ ಹತ್ತಿರ ಕಾಫಿ ಕೇಳುತ್ತಿದ್ದಾಳೆ. "ಒಂದು ಲೋಟ ಕೊಡ್ಸಕ್ಕೆ ಇವ್ರಪ್ಪನ ಗಂಟೇನ್ ಓಗುತ್ತೆ ಸಿಸ್ಟ್ರೇ?" ಎಂದು ನನ್ನನ್ನೇ ದಬಾಯಿಸಿದಳು. ಡಾಕ್ಟರು ದೂರದಲ್ಲಿ ನಿಂತು ಅದನ್ನು ನೋಡುತ್ತಿದ್ದರು. "ಜೋರಾಗಿ ಮಾತಾಡ್ತಿದಾಳೆ ನೋಡು, ಹೊಟ್ಟೆ ಹಿಡ್ಕೊಂಡಿಲ್ಲ," ಎಂದರು. ಆಪರೇಷನ್ ಗೆದ್ದಿತೆಂದು ಅವರು ಒಪ್ಪಿಕೊಂಡಿದ್ದು ಆಗಲೇ.

ಆಮೇಲೆ ಒಂದೊಂದೇ ಮೆಟ್ಟಿಲು. ಮೊದಲು ಅಂಚಿನ ಗಂಟುಗಳು, ಆಮೇಲೆ ಎಡಭಾಗ ಪೂರ್ತಿ, ಆಮೇಲೆ ಹೊಸ ಮೆಷಿನ್ನುಗಳು ಬಂದು ರಕ್ತ ನಿಲ್ಲಿಸುವುದು ಸುಲಭವಾದ ಮೇಲೆ ಬಲಭಾಗ. ಎರಡು ವಾರ ಮಲಗುತ್ತಿದ್ದವರು ನಾಲ್ಕೈದು ದಿನಕ್ಕೆ ಆಟೋ ಹತ್ತಿ ಮನೆಗೆ ಹೋಗತೊಡಗಿದರು. ಆಡಿಕೊಂಡಿದ್ದ ಡಾಕ್ಟರುಗಳು ಪಕ್ಕದಲ್ಲಿ ನಿಂತು ಕಲಿಯಲು ಬಂದರು. ನನಗಂತೂ ಕೋಡು ಮೂಡಿತು. ನಮ್ಮ ಸಾರ್, ನಮ್ಮ ಓಟಿ, ನಮ್ಮಂಥವರು ಬೆಂಗಳೂರಲ್ಲೇ ಇಲ್ಲ ಎಂದು ಸಿಕ್ಕಿದವರ ಹತ್ತಿರವೆಲ್ಲ ಕೊಚ್ಚಿಕೊಂಡೆ.

ಆ ಕೊಚ್ಚುವಿಕೆಯೇ ಒಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ತೂತಿನ ಆಪರೇಷನ್ ಆದರೂ ಓಟಿಯಲ್ಲಿ 'ದೊಡ್ಡ ಸೆಟ್ಟು' ಇರಲೇಬೇಕು. ಅಕಸ್ಮಾತ್ ಹೊಟ್ಟೆ ತೆರೆಯಬೇಕಾದರೆ ಬೇಕಾಗುವ ದೊಡ್ಡ ಸಾಮಾನುಗಳ ತಟ್ಟೆ ಅದು. ತಿಂಗಳುಗಟ್ಟಲೆ ಅದರ ಮೇಲಿನ ಹಸಿರು ಬಟ್ಟೆಯನ್ನೇ ಸರಿಸಿರಲಿಲ್ಲ. ಒಂದು ದಿನ ಪಕ್ಕದ ಓಟಿಗೆ ಆಕ್ಸಿಡೆಂಟ್ ಕೇಸು ಬಂತು, ಅಲ್ಲಿನ ನರ್ಸು ಓಡಿ ಬಂದು ದೊಡ್ಡ ಸೆಟ್ಟು ಕೇಳಿದಳು. ನಾನು, "ತಗೊಂಡೋಗೇ, ನಮ್ ಸಾರ್ ಈಗೆಲ್ಲಿ ತೆರೀತಾರೆ!" ಎಂದು ಮಹಾರಾಣಿ ದಾನ ಕೊಟ್ಟ ಹಾಗೆ ಕೊಟ್ಟುಬಿಟ್ಟೆ. ನಮ್ಮ ಮೇಜಿನ ಮೇಲೆ ಜಾಲಹಳ್ಳಿಯ ಒಬ್ಬ ನಿವೃತ್ತ ಕಾರ್ಖಾನೆ ನೌಕರರಿದ್ದರು. ಅರ್ಧ ದಾರಿಯಲ್ಲಿ ಒಂದು ರಕ್ತನಾಳ ಹರಿಯಿತು. ಟಿವಿ ಕೆಂಪಾಯಿತು. ಡಾಕ್ಟರು ಒಳಗಿನಿಂದಲೇ ಬಟ್ಟೆಯಲ್ಲಿ ಒತ್ತಿ ಹಿಡಿದು, "ತೆರೀಬೇಕು. ದೊಡ್ಡ ಸೆಟ್ಟು," ಎಂದು ಕೈ ಚಾಚಿದರು.

"ಇಲ್ಲ ಸಾರ್," ಎಂದೆ.

ಕೆಳಗಿನ ಸ್ಟೋರಿನಿಂದ ಇನ್ನೊಂದು ಸೆಟ್ಟು ಬರುವವರೆಗೆ ಅವರು ಒತ್ತಿದ ಕೈ ತೆಗೆಯಲಿಲ್ಲ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಮನುಷ್ಯ ಬದುಕಿದರು, ನನ್ನ ಪುಣ್ಯ. ಆದರೆ ಬಹಳ ದಿನ ಐಸಿಯುನಲ್ಲಿ ನರಳಿ ಬದುಕಿದರು. ಹೊರಗೆ ಬಂದು ಡಾಕ್ಟರು ಅವರ ಹೆಂಡತಿ ಮಕ್ಕಳಿಗೆ ಹೇಳಿದ್ದು ಇಷ್ಟೇ: "ತೆರೆಯೋದು ತಡ ಆಯ್ತು. ಸಾಮಾನು ಪಕ್ಕದಲ್ಲಿ ಇರ್ಲಿಲ್ಲ. ಅದನ್ನ ನೋಡ್ಕೋಬೇಕಾದವನು ನಾನು, ತಪ್ಪು ನಂದು." ನಾನು ಅವರ ಹಿಂದೆಯೇ ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಟೀ ಕೋಣೆಯಲ್ಲಿ ಅತ್ತು ಕ್ಷಮೆ ಕೇಳಿದರೆ, "ತೂತಿನಿಂದ ಮಾಡಿದ್ರೇ ಗೆದ್ದ ಹಾಗೆ, ತೆರೆದ್ರೆ ಸೋತ ಹಾಗೆ ಅಂತ ನಿಂಗೆ ಕಲಿಸಿದ್ದು ಯಾರು? ನಾನೇ ತಾನೇ? ರೋಗಿಗೆ ನಮ್ಮ ಜಾಣತನ ಬೇಕಿಲ್ಲ ಕಣಮ್ಮ, ಮನೆಗೆ ಹೋದ್ರೆ ಸಾಕು," ಎಂದರು. ಅಂದು ಕಡಲೆಕಾಯಿ ಬರಲಿಲ್ಲ.

ಮುಂದಿನ ಕೇಸಿನಿಂದ ಗೆರೆ ಶುರುವಾಯಿತು. ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ತಾವೇ ವಾರ್ಡಿಗೆ ಹೋಗುವರು, ಚರ್ಮದ ಮೇಲೆ ಬರೆಯುವ ನೇರಳೆ ಪೆನ್ನು ತೆಗೆಯುವರು. ತೂತು ಬೀಳುವ ಕಡೆಯೆಲ್ಲ ಚುಕ್ಕೆ. ಜೊತೆಗೆ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಒಂದು ಗೆರೆ. "ಚುಕ್ಕೆಯಿಂದ ಆಗ್ಲಿಲ್ಲ ಅಂದ್ರೆ ಈ ಗೆರೆ. ಎರಡಕ್ಕೂ ಒಪ್ಪಿಗೆ ಇದ್ರೆ ಮಾತ್ರ ನಾಳೆ ಬರ್ತೀನಿ," ಎಂದು ರೋಗಿಗೆ ಹೇಳುವರು. ಬೆಳಿಗ್ಗೆ ಓಟಿಗೆ ಬಂದರೆ ಮೊದಲು ದೊಡ್ಡ ಸೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಆಮೇಲೆ ಉಳಿದದ್ದು. ಬಹಳ ಜನಕ್ಕೆ ಗೆರೆ ಬೇಕಾಗುತ್ತಲೇ ಇರಲಿಲ್ಲ, ಮನೆಗೆ ಹೋಗಿ ನಾಲ್ಕು ಸಲ ಸ್ನಾನ ಮಾಡಿದರೆ ಅಳಿಸಿಹೋಗುತ್ತಿತ್ತು. "ಸಾರ್, ನಿಮ್ ಗೆರೆ ಸೋಪಿಗೂ ಹೋಗ್ತಿಲ್ಲ," ಎಂದು ಫೋನ್ ಬಂದರೆ ಅವರಿಗೆ ಅದೊಂದು ಖುಷಿ.

ಇಷ್ಟೆಲ್ಲ ಕಂಡ ನಾನು, ಮತ್ತೆ ಅದೇ ತಪ್ಪು ಮಾಡಿದೆ. ಈ ಸಲ ನನ್ನ ಸ್ವಂತ ಅಣ್ಣನ ವಿಷಯದಲ್ಲಿ.

ನಮ್ಮದು ಶೆಟ್ಟಿಹಳ್ಳಿ. ರಾಗಿ ಹೊಲಗಳೆಲ್ಲ ಸೈಟುಗಳಾದ ಮೇಲೆ ಅಣ್ಣ ಕಟ್ಟಡದ ಕಂಟ್ರಾಕ್ಟು ಹಿಡಿದ. ಅಪ್ಪ ಹೋದಾಗ ನಾನು ಒಂಬತ್ತನೇ ಕ್ಲಾಸು. ನನ್ನನ್ನು ನರ್ಸಿಂಗ್ ಓದಿಸಿದ್ದು, ಮದುವೆ ಮಾಡಿದ್ದು, ಬಾಣಂತನಕ್ಕೆ ಕರೆತಂದಿದ್ದು ಎಲ್ಲ ಅಣ್ಣನೇ. ಕಿಡ್ನಿಯ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದರೆ ಲಿವರಿನ ಬಲಗಡೆ ಗಂಟು ಕಾಣಿಸಿತು. ಕ್ಯಾನ್ಸರು. ತೆಗೆದರೆ ಬದುಕುತ್ತಾನೆ, ಬಿಟ್ಟರೆ ಇಲ್ಲ. ಅಣ್ಣ ಮಾತ್ರ ಸುತರಾಂ ಒಪ್ಪಲಿಲ್ಲ.

"ಅಪ್ಪುಂಗೆ ಆಗಿದ್ದು ಮರ್ತ್ಬುಟ್ಟಾ ಅಮ್ಮಣ್ಣಿ? ಒಟ್ಟೆ ಕುಯ್ದ್ರು, ಒಳೀಕೆ ಗಾಳಿ ತಾಕ್ತು, ಮೂರು ವಾರದಾಗೆ ಓಗ್ಬುಟ್ಟ. ನಂಗ್ ಬ್ಯಾಡ. ಇರೋಗಂಟ ಇರ್ತೀನಿ."

ಹೊಟ್ಟೆಗೆ ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಈ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಕಾಡಿ ಬೇಡಿ ಅಣ್ಣನನ್ನೂ ಅತ್ತಿಗೆಯನ್ನೂ ಡಾಕ್ಟರ ಕೋಣೆಗೆ ಕರೆದೊಯ್ದೆ.

"ಗಾಳಿ ಒಳೀಕೆ ಓಗಲ್ವಲ್ಲ ಸಾರ್?" ಅಣ್ಣ ಕೂತವನೇ ಕೇಳಿದ.

ನಾನು ಅಣ್ಣನ ಬೆನ್ನ ಹಿಂದೆ ನಿಂತು ಕಣ್ಣು, ಹುಬ್ಬು, ಕೈ ಎಲ್ಲ ಆಡಿಸಿದೆ, ಇಲ್ಲ ಅನ್ನಿ ಸಾರ್ ಎಂದು. ಅವರು ನೋಡಿಯೂ ನೋಡದ ಹಾಗಿದ್ದರು.

"ನಾವೇ ತುಂಬ್ತೀವಿ ಕಣ್ರೀ. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸ್ತೀವಿ. ಇಲ್ದಿದ್ರೆ ಒಳಗೆ ಕೆಲಸ ಮಾಡಕ್ಕೆ ಜಾಗ ಎಲ್ಲಿರುತ್ತೆ?"

ಅಣ್ಣ ಕುರ್ಚಿ ಬಿಟ್ಟು ಎದ್ದೇ ಬಿಟ್ಟ. ನನಗೆ ಡಾಕ್ಟರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಮಾತ್ರ ಅದೇ ದನಿಯಲ್ಲಿ ಮುಂದುವರಿಸಿದರು. "ಕೂತ್ಕೊಳ್ಳಿ. ನಿಮ್ಮ ತಂದೆಯವರ ವಿಷಯ ನಿಮ್ಮ ತಂಗಿ ಹೇಳಿದಾಳೆ. ಆಗ ಇಂಥ ಸ್ಕ್ಯಾನ್ ಇರ್ಲಿಲ್ಲ, ತೆರೆದು ನೋಡಿದ್ರೇನೇ ಗೊತ್ತಾಗ್ತಿದ್ದುದು. ತೆರೆಯೋ ಹೊತ್ತಿಗೇ ಎಲ್ಲಾ ಕಡೆ ಹರಡಿತ್ತು. ತೆರೆದಿದ್ದಕ್ಕೆ ಹೋಗಿಲ್ಲ ಅವ್ರು. ನಿಮ್ದು ಹರಡಿಲ್ಲ. ಗಂಟು ಹಿಂದ್ಗಡೆ ಇದೆ, ದೊಡ್ಡ ರಕ್ತನಾಳದ ಪಕ್ಕ. ತೂತಿನಿಂದ ಪ್ರಯತ್ನ ಪಡ್ತೀನಿ. ಕಷ್ಟ ಅನ್ನಿಸಿದ್ರೆ ತೆರೀತೀನಿ."

ಅಣ್ಣ ಕೂತ. ಆದರೆ ಮನೆಗೆ ಬಂದ ಮೇಲೆ ಮತ್ತೆ ಅದೇ ರಾಗ. ನಾನು ಸೋತು, "ಅವ್ರು ಎಲ್ರಿಗೂ ಹಂಗೇ ಹೇಳೋದು ಅಣ್ಣ, ಬರೀ ಮಾತಿಗೆ. ತೆರೆಯಲ್ಲ, ನನ್ನಾಣೆ," ಎಂದುಬಿಟ್ಟೆ. ಆಣೆಯ ಮಾತಿಗೆ ಅಣ್ಣ ಒಪ್ಪಿ ಬಂದು ಅಡ್ಮಿಟ್ ಆದ.

ಹಿಂದಿನ ಸಂಜೆ ಡಾಕ್ಟರು ಪೆನ್ನು ಹಿಡಿದು ಹೊರಟಾಗ ನಾನು ಲಿಫ್ಟಿನ ಹತ್ತಿರ ಅಡ್ಡ ನಿಂತೆ. "ಸಾರ್, ಇವನೊಬ್ಬನಿಗೆ ಗೆರೆ ಬೇಡ. ನೋಡಿದ್ರೆ ಎದ್ದು ಓಡೋಗ್ತಾನೆ. ಒಳಗೆ ಏನು ಮಾಡ್ಬೇಕೋ ನೀವು ಮಾಡಿ, ಹೇಳ್ಬೇಡಿ ಅಷ್ಟೆ."

ಅವರು ನನ್ನನ್ನು ಅಷ್ಟು ಬೇಜಾರಿನಿಂದ ನೋಡಿದ್ದು ಅದೊಂದೇ ಸಲ. "ಈ ಮಾತು ನೀನು ಹೇಳ್ತಿದೀಯಾ? ಗೆರೆ ಬೇಡ ಅಂದ್ರೆ ನಾನೂ ಬೇಡ. ಬೇರೆ ಡಾಕ್ಟರನ್ನ ನೋಡ್ಕೊಳ್ಳಿ," ಎಂದು ನನ್ನನ್ನು ಸರಿಸಿ ಒಳಗೆ ಹೋದರು. ನಾನು ಹಿಂದೆಯೇ ಹೋದೆ, ಇನ್ನೇನು ಕಾದಿದೆಯೋ ಎಂದುಕೊಂಡು.

ಅಣ್ಣ ಅಂಗಿ ಎತ್ತಿ ಮಲಗಿದ್ದ. ಡಾಕ್ಟರು ಚುಕ್ಕೆ ಇಟ್ಟರು, ಗೆರೆ ಎಳೆದರು, ಎಂದಿನ ಮಾತು ಹೇಳಿದರು. ಅಣ್ಣ ತಲೆ ಎತ್ತಿ ಹೊಟ್ಟೆ ನೋಡಿಕೊಂಡ. ಬಹಳ ಹೊತ್ತು ನೋಡಿದ.

"ಗೆರೆ ವಾರೆ ಆಗೈತೆ ಸಾರ್," ಎಂದ.

"ಎಲ್ಲಿ?"

"ಇಲ್ಲಿ, ಕೊನೇಲಿ ಮ್ಯಾಲಕ್ಕೆ ಎದ್ದೈತೆ ನೋಡಿ. ನಾವು ಪಾಯಕ್ಕೆ ಸುಣ್ಣದ ಗೆರೆ ಆಕುವಾಗ ಇಂಗಾದ್ರೆ ಮೇಸ್ತ್ರಿ ಕಿವಿ ಇಂಡ್ತೀನಿ ನಾನು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಹೌದಲ್ರೀ," ಎಂದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಮತ್ತೆ ಎಳೆದರು. ಅಣ್ಣ, "ಇತ್ಲಾಗೆ ಒಂಚೂರು... ಆಂ, ಈಗ್ ಸರಿ," ಎಂದು ತಲೆಯನ್ನು ದಿಂಬಿಗೆ ಇಟ್ಟ. ಮುಖದಲ್ಲಿ ಗಾಬರಿಯಿರಲಿಲ್ಲ. ಇದೇನು ಎಂದು ನನಗೆ ತಲೆಬುಡ ಅರ್ಥವಾಗಲಿಲ್ಲ.

ಮಾರನೆಯ ದಿನ ನನ್ನನ್ನು ಓಟಿಯೊಳಗೆ ಬಿಡಲಿಲ್ಲ, ಸ್ವಂತದವರ ಕೇಸಿಗೆ ನಿಲ್ಲುವಂತಿಲ್ಲ. ಅತ್ತಿಗೆಯ ಪಕ್ಕದಲ್ಲಿ ಹೊರಗಿನ ಬೆಂಚಿನ ಮೇಲೆ ಕೂತೆ. ಹನ್ನೊಂದು ಗಂಟೆಯ ಸುಮಾರಿಗೆ ಓಟಿಯ ಬಾಗಿಲು ತೆರೆಯಿತು, ನನ್ನ ಜಾಗದಲ್ಲಿ ನಿಂತಿದ್ದ ಜೂನಿಯರ್ ಹುಡುಗಿಗೆ ಸಹಾಯಕ್ಕಿದ್ದ ನರ್ಸು ಬಂದು, "ಅಕ್ಕಾ, ಸಾರ್ ಹೇಳಕ್ಕೆ ಹೇಳಿದ್ರು, ತೆರೀತಿದೀವಿ," ಎಂದಳು. ಅಷ್ಟೇ ಹೇಳಿ ಒಳಗೆ ಓಡಿದಳು.

"ಏನಂತೆ?" ಅತ್ತಿಗೆ ನನ್ನ ಕೈ ಹಿಡಿದುಕೊಂಡರು.

ತೆರೀತಿದಾರಂತೆ ಎಂದು ನಾನೇ ಹೇಳಬೇಕಾಯಿತು. ಅತ್ತಿಗೆ ನನ್ನ ಕೈ ಬಿಟ್ಟರು. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ದೊಡ್ಡ ಸೆಟ್ಟು ಪಕ್ಕದಲ್ಲಿದೆಯೋ ಇಲ್ಲವೋ. ಆ ಜೂನಿಯರ್ ಹುಡುಗಿ ನನ್ನ ಹಾಗೆ ಯಾರಿಗಾದರೂ ದಾನ ಕೊಟ್ಟಿದ್ದರೆ? ಎದ್ದು ಬಾಗಿಲವರೆಗೆ ಹೋದೆ, ವಾಪಸ್ ಬಂದೆ. ಆಣೆ ಇಟ್ಟ ಬಾಯನ್ನು ಬಡಿದುಕೊಳ್ಳಬೇಕೆನ್ನಿಸಿತು. ಹನ್ನೆರಡಾಯಿತು, ಒಂದಾಯಿತು. ಒಳಗಿನಿಂದ ಸುದ್ದಿಯಿಲ್ಲ.

ಎರಡು ಗಂಟೆಗೆ ಬಾಗಿಲು ಮತ್ತೆ ತೆರೆಯಿತು. ಡಾಕ್ಟರಲ್ಲ, ಆಯಮ್ಮ. ಕೈಯಲ್ಲಿ ಬಟ್ಟೆ ಚೀಲ. ನಮ್ಮ ಕಡೆ ನೋಡದೆ ಸರಸರನೆ ಮೆಟ್ಟಿಲ ಕಡೆ ಹೊರಟಳು.

"ಆಯಮ್ಮಾ, ಎಲ್ಲಿಗೆ?" ಎಂದು ಕೂಗಿದೆ.

"ಎಲ್ಲಿಗೆ ಅಂದ್ರೆ? ಕಡ್ಲೆಕಾಯಿ ತರಕ್ಕೆ!"

ಅಯ್ಯೋ ನನ್ನ ದೇವರೇ! ನಾನು ಆ ಬೆಂಚಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತೆ. ಅತ್ತಿಗೆ ಎದೆ ಹಿಡಿದುಕೊಂಡು, "ಏನಾಯ್ತೇ? ಏನಾಯ್ತು ಹೇಳೇ!" ಎಂದು ನನ್ನನ್ನು ಅಲುಗಾಡಿಸಿದರು. "ಕಡ್ಲೆಕಾಯಿ ಅತ್ತಿಗೆ, ಕಡ್ಲೆಕಾಯಿ ತರಿಸ್ತಿದಾರೆ," ಎಂದು ಅಳುತ್ತಲೇ ಹೇಳಿದೆ. ಅವರಿಗೆ ನನಗೆ ತಲೆ ಕೆಟ್ಟಿತೆಂದೇ ಅನ್ನಿಸಿರಬೇಕು. ಬಿಡಿಸಿ ಹೇಳುವಷ್ಟರಲ್ಲಿ ಡಾಕ್ಟರೇ ಬಂದರು. ಹಣೆಯಲ್ಲಿ ಟೋಪಿಯ ಗುರುತು, ಕಣ್ಣು ಕೆಂಪು. "ಯಜಮಾನ್ರು ಚೆನ್ನಾಗಿದಾರೆ," ಎಂದು ಅತ್ತಿಗೆಗೆ ಹೇಳಿದರು. ಅತ್ತಿಗೆ ತಮ್ಮ ಯಜಮಾನರೆಂದುಕೊಂಡು ಕೈ ಮುಗಿದರು. ಅದೂ ಸರಿಯೇ ಎಂದು ನಾನು ತಿದ್ದಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಗಂಟು ರಕ್ತನಾಳಕ್ಕೆ ಅಂಟ್ಕೊಂಡಿತ್ತು. ತೂತಿನಿಂದಲೇ ಹೋಗಿದ್ರೆ ಹರೀತಿತ್ತು. ಹರಿಯೋ ಮುಂಚೆನೇ ತೆರೆದೆ. ಸೆಟ್ಟು ಪಕ್ಕದಲ್ಲೇ ಇತ್ತು ಕಣಮ್ಮ," ಎಂದರು.

ಮಾರನೆಯ ಬೆಳಿಗ್ಗೆ ಐಸಿಯುನಲ್ಲಿ ಅಣ್ಣ ಕಣ್ಣು ಬಿಟ್ಟ. ಕೈ ಮೆಲ್ಲಗೆ ಹೊಟ್ಟೆಯ ಬ್ಯಾಂಡೇಜಿನ ಮೇಲೆ ಹೋಯಿತು.

"ಕುಯ್ದ್ರಾ?"

"ಹೂಂ. ಅಣ್ಣ, ನಾನು ಆಣೆ ಇಟ್ಟಿದ್ದೆ, ತಪ್ಪಾಯ್ತು..." ಎಂದು ಶುರು ಮಾಡಿದೆ.

"ಬುಡತ್ಲಾಗೆ," ಎಂದ. ಗಂಟಲು ಒಣಗಿತ್ತು, ಒಂದೊಂದೇ ಮಾತು. "ನಿನ್ ಆಣೆ ನಂಬಿ ಬಂದೆ ಅಂದ್ಕಂಡಾ? ಪಾಯ ತೋಡದೇ ಇರೋ ಜಾಗಕ್ಕೆ ಯಾವನಾದ್ರೂ ಗೆರೆ ಸರಿ ಮಾಡಿಸ್ತಾನಾ ಅಮ್ಮಣ್ಣಿ? ಗಾಳಿ ತುಂಬ್ತೀವಿ ಅಂತ ಮುಖಕ್ಕೇ ಯೇಳ್ದನಲ್ಲ ಆ ಮನುಷ್ಯ, ಆಗ್ಲೇ ನಂಬ್ದೆ. ಸುಳ್ಳು ಯೇಳೋನಾಗಿದ್ರೆ ಅಲ್ಲೇ ಯೇಳ್ತಿದ್ದ." ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ಮತ್ತೆ ತೆರೆದ. "ಗೆರೆ ಮ್ಯಾಲೇ ಕುಯ್ದಿದಾರೆ ತಾನೇ?"

ಅಣ್ಣ ಚೇತರಿಸಿಕೊಳ್ಳಲು ಬೇರೆಯವರಿಗಿಂತ ಹೆಚ್ಚು ದಿನ ಹಿಡಿಯಿತು. ದಿಂಬು ಒತ್ತಿಕೊಂಡು ಕೆಮ್ಮಿದ, ಕೆಮ್ಮಿದಾಗಲೆಲ್ಲ ನನ್ನನ್ನು ಬೈದ. ಬೈಯುತ್ತಾನಲ್ಲ ಎಂದು ನನಗೆ ಹಿಗ್ಗು. ವರ್ಷ ವರ್ಷ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟು ಬರುವವರೆಗೆ ಊಟ ಸೇರುತ್ತಿರಲಿಲ್ಲ. ಐದು ವರ್ಷವೂ ಏನೂ ಕಾಣಿಸಲಿಲ್ಲ.

ಹೋದ ತಿಂಗಳು ಡಾಕ್ಟರ ಬೀಳ್ಕೊಡುಗೆ ನಡೆಯಿತು. ಹಾರ, ಶಾಲು, ಭಾಷಣ. 'ತೂತಿನ ಶಸ್ತ್ರಚಿಕಿತ್ಸೆಯ ಸರದಾರ' ಎಂದು ಯಾರೋ ಹೊಗಳಿದರು. ಡಾಕ್ಟರು ಕುರ್ಚಿಯಲ್ಲಿ ಮುದುಡಿ ಕೂತು ಗಡಿಯಾರ ನೋಡುತ್ತಿದ್ದರು. ಆಗ ಹಿಂದಿನ ಸಾಲಿನಿಂದ ನಮ್ಮಣ್ಣ ಎದ್ದ. ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ನೇರ ವೇದಿಕೆ ಹತ್ತಿ, ಎಲ್ಲರ ಎದುರಿಗೆ, ಹೊಸ ಬಿಳಿ ಅಂಗಿಯ ಗುಂಡಿ ಬಿಚ್ಚಿ ಹೊಟ್ಟೆ ತೋರಿಸಿದ. ನಾಚಿಕೆಯಿಂದ ನಾನು ಮುಖ ಮುಚ್ಚಿಕೊಂಡೆ.

"ಇವ್ರು ತೂತಿನ ಡಾಕ್ಟ್ರು ಅಂತೀರಲ್ಲ, ನಂಗೆ ಕುಯ್ದವ್ರೆ ನೋಡಿ," ಎಂದ. "ಕುಯ್ದಿದ್ದಕ್ಕೇ ಇಲ್ಲಿ ನಿಂತಿದೀನಿ. ನೋಡಿ ಸಾರ್, ಐದು ವರ್ಷ ಆಯ್ತು, ನಿಮ್ ಗೆರೆ ಒಂದ್ ನೂಲು ಆಚೀಚೆ ಓಗಿಲ್ಲ."

ಸಭೆಯೆಲ್ಲ ನಕ್ಕಿತು. ಡಾಕ್ಟರು ನಗಲಿಲ್ಲ. ಶಾಲು ಕೆಳಗಿಟ್ಟು ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಆ ಗಾಯದ ಗುರುತಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳು ಎಳೆದರು.

"ಕೊನೇಲಿ ಒಂಚೂರು ವಾರೆ ಆಗಿದೆಯಲ್ರೀ," ಎಂದರು.

"ಅದು ನಿಮ್ ತಪ್ಪಲ್ಲ ಸಾರ್," ಎಂದ ಅಣ್ಣ. "ಒಟ್ಟೆ ಬಂದೈತೆ."

ಡಾಕ್ಟರು ಆ ಹೊಟ್ಟೆಯನ್ನು ಅಂಗೈಯಲ್ಲಿ ಎರಡು ಸಲ ತಟ್ಟಿದರು. ಹನ್ನೊಂದು ವರ್ಷ ಪಕ್ಕದಲ್ಲಿ ನಿಂತವಳು ನಾನು, ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ಕಂಡಿರಲಿಲ್ಲ. ಆಮೇಲೆ ಸಭೆಯ ಕಡೆ ತಿರುಗಿ ಕಣ್ಣಲ್ಲೇ ಯಾರನ್ನೋ ಹುಡುಕಿ, ಮೈಕಿನಲ್ಲೇ ಕೂಗಿದರು:

"ಆಯಮ್ಮ, ಕಡಲೆಕಾಯಿ!"